ಅಣ್ಣ ಕೇಳಿದ ಒಂದು ಸಹಿ

ಅಪ್ಪನ ತಿಥಿ ಮುಗಿದು ತಿಂಗಳೂ ಆಗಿರಲ್ಲ, ಅಣ್ಣನ ಫೋನ್ ಬರುತ್ತೆ. "ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗಮ್ಮ. ಖಾತೆ ಮಾಡಿಸ್ಬೇಕು, ಒಂದು ಸಹಿ ಅಷ್ಟೇ." ಆಧಾರ್ ಕಾರ್ಡ್ ಹಿಡಿದು ತಂಗಿ ಹೋಗ್ತಾಳೆ. ಸಹಿ ಹಾಕ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ. ಮಡಿಲಿಗೆ ಒಂದು ಸೀರೆ, ಅರಿಶಿನ ಕುಂಕುಮ. ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ.

ವೀಕ್ಷಕರೇ, ಆಕೆ ಬಿಟ್ಟುಕೊಟ್ಟಿದ್ದು ಏನು ಗೊತ್ತಾ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರ ಮಗ ಮಾತ್ರ. ಮಗಳಿಗೆ ಸಿಗ್ತಿದ್ದದ್ದು ಅಪ್ಪ ತೀರಿಕೊಂಡ ಮೇಲೆ, ಅಪ್ಪನ ಪಾಲಿನಲ್ಲೊಂದು ಪಾಲು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಮಗಳನ್ನೂ ಸಮಾನ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ಒಡೆಯಿತು. ಆ ದಿನಕ್ಕೆ ಅಪ್ಪ ಬದುಕಿರಲೇಬೇಕಾ? ಬೇಕಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಿತಿಗಳೂ ಇವೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಸ್ತಿ ಮಾರಾಟವೋ, ನೋಂದಾಯಿತ ವಿಭಾಗವೋ ಆಗಿದ್ದರೆ ಈ ತಿದ್ದುಪಡಿ ಹಿಡಿದು ಅದನ್ನು ಕೆದಕೋಕೆ ಆಗಲ್ಲ. ಅಪ್ಪನ ಸ್ವಯಾರ್ಜಿತವನ್ನು ಅವರು ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಹಕ್ಕಿನ ಜೊತೆ ಹೊಣೆಯೂ ಬರುತ್ತೆ.

ನಾನು ಎಂಜಿನಿಯರಿಂಗ್ ಓದಿದವನು. ಮೀಟರ್ ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲೊಂದು ವೈರ್ ಎಳೆದು ಬೈಪಾಸ್ ಮಾಡಿದರೆ ಮುಗೀತು, ಅದು ತಿರುಗೋದೇ ಇಲ್ಲ. ಐವತ್ತು ವರ್ಷ ತಗೊಂಡು ಬಂದ ಕಾನೂನಿಗೆ ಈ ಪತ್ರವೇ ಬೈಪಾಸ್ ವೈರ್. ಒಮ್ಮೆ ನೋಂದಣಿಯಾದರೆ, "ನಂಗೆ ಗೊತ್ತಿರಲಿಲ್ಲ" ಅನ್ನೋದನ್ನ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವಳು ಅವಳೇ.

ನೆನಪಿಡಿ, ಖಾತೆ ಬದಲಾವಣೆಗೆ ಹಕ್ಕು ಬಿಡಲೇಬೇಕು ಅಂತೇನಿಲ್ಲ. ಪೌತಿ ಖಾತೆಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಸೇರುತ್ತೆ. "ಮದುವೆಗೆ ಖರ್ಚು ಮಾಡಿದ್ವಲ್ಲ" ಅಂತಾರೆ. ಮದುವೆ ಖರ್ಚು ಪಾಲಲ್ಲ. ಅಣ್ಣನ ಮದುವೆಗೂ ಖರ್ಚಾಗಿರುತ್ತಲ್ಲ?

ಇಷ್ಟೆಲ್ಲ ಗೊತ್ತಿದ್ದೂ ಎಷ್ಟೋ ಹೆಣ್ಣುಮಕ್ಕಳು ಸಹಿ ಹಾಕ್ತಾರೆ. ಕಾರಣ ಒಂದೇ, ಪಾಲು ಕೇಳಿದರೆ ತವರು ತಪ್ಪಿಹೋಗುತ್ತೆ ಅನ್ನೋ ಭಯ. ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗೋಕೆ ಒಂದು ಬಾಗಿಲು ಬೇಕಲ್ಲ! ಆದರೆ ಆ ಬಾಗಿಲು ಯಾರ ಹೆಸರಲ್ಲಿದೆ ಅನ್ನೋದನ್ನೂ ಅವತ್ತೇ ಯೋಚಿಸಬೇಕು.

ಎಲ್ಲ ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಪ್ರೀತಿ. ತಿಳಿಸದೇ ಬರೆಸಿಕೊಂಡರೆ ಮೋಸ. ಅಕ್ಕತಂಗಿಯರೇ, ಆ ಕಾಗದವನ್ನು ಮನೆಗೆ ತನ್ನಿ, ಓದಿ, ಬೇರೆಯವರಿಂದಲೂ ಓದಿಸಿ. ಅಣ್ಣತಮ್ಮಂದಿರೇ, ಸಹಿ ಕೇಳೋ ಮೊದಲು ನೀವೇ ಓದಿ ಹೇಳಿ. ಹಾಗೆ ಹೇಳೋಕೆ ನಾಲಿಗೆ ತಡವರಿಸಿದರೆ, ಆ ಸಹಿ ಕೇಳಲೇಬೇಡಿ.