ಬೋರ್ ಕೊರೆಯುವ ಸಾಮಗ್ರಿಗಳನ್ನು ಟ್ರೇಲರಿನಲ್ಲಿ ಸುರಕ್ಷಿತವಾಗಿ ಸಾಗಿಸುವ ಕ್ರಮ

ಕೊಳವೆ ಬಾವಿ ತೋಡಿಸುವುದು ರೈತನ ಪಾಲಿಗೆ ಬಹು ದೊಡ್ಡ ಖರ್ಚಿನ ಕೆಲಸ. ಎಲ್ಲಿ ಕೊರೆಯಬೇಕು, ಎಷ್ಟು ಆಳ ಹೋಗಬೇಕು, ನೀರು ಬೀಳುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಮನೆಮಂದಿಯೆಲ್ಲ ಮುಳುಗಿರುತ್ತಾರೆ. ಆ ಗಡಿಬಿಡಿಯಲ್ಲಿ ಕೇಸಿಂಗ್ ಪೈಪು, ರಾಡು, ಹ್ಯಾಮರ್, ಬಿಟ್ಟು ಮುಂತಾದ ಭಾರದ ಸಾಮಗ್ರಿಗಳು ಹೊಲಕ್ಕೆ ಹೇಗೆ ಬಂದು ಸೇರಬೇಕು ಎಂಬುದನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಪೇಟೆಯಿಂದ ಪೈಪು ತರಲು ಮನೆಯ ಟ್ರ್ಯಾಕ್ಟರನ್ನೇ ಕಳುಹಿಸುವುದು ವಾಡಿಕೆ. ಕೊರೆಯುವ ಯಂತ್ರದ ಲಾರಿ ಹೇಗೋ ತೋಟ ಸೇರಿದರೂ, ರಾಡು ತುಂಬಿದ ಎರಡನೆಯ ಲಾರಿ ಕೆಸರಿನಲ್ಲೋ ಕಿರಿದಾದ ಬದುವಿನ ದಾರಿಯಲ್ಲೋ ನಿಂತುಬಿಡುತ್ತದೆ. ಆಗಲೂ ಸಾಮಾನನ್ನು ಟ್ರೇಲರಿಗೇ ಬದಲಾಯಿಸಬೇಕಾಗುತ್ತದೆ.

ಕಬ್ಬು, ಗೊಬ್ಬರ, ಹುಲ್ಲು ಹೇರಿ ಅಭ್ಯಾಸವಿರುವ ಕೈಗೆ ಇದೂ ಒಂದು ಹೇರು ಎಂದೇ ತೋರುತ್ತದೆ. ಆದರೆ ಇದರ ಗುಣ ಬೇರೆ. ಗೊಬ್ಬರ ಹರಡಿ ಕೂರುತ್ತದೆ, ಪೈಪು ಉರುಳುತ್ತದೆ. ಕಬ್ಬಿನ ಜಲ್ಲೆ ಒಂದಕ್ಕೊಂದು ತೊಡರಿಕೊಳ್ಳುತ್ತದೆ, ಎಣ್ಣೆ ಸವರಿದ ರಾಡು ಜಾರುತ್ತದೆ. ಹೇರು ಚಿಕ್ಕದಾಗಿ ಕಂಡರೂ ಭಾರ ಬಹಳ. ಆದ್ದರಿಂದ ಇದನ್ನು ಹೇರುವ, ಕಟ್ಟುವ, ಸಾಗಿಸುವ ಮತ್ತು ಇಳಿಸುವ ಕ್ರಮವನ್ನು ಪ್ರತ್ಯೇಕವಾಗಿಯೇ ತಿಳಿದುಕೊಳ್ಳಬೇಕು.

ಮೊದಲು ಭಾರದ ಲೆಕ್ಕ

ಉಕ್ಕಿನ ಪೈಪಿನ ಭಾರವನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಅದಕ್ಕೊಂದು ಸುಲಭವಾದ ಲೆಕ್ಕವಿದೆ. ಪೈಪಿನ ಹೊರ ವ್ಯಾಸದಿಂದ ಅದರ ದಪ್ಪವನ್ನು ಕಳೆಯಿರಿ. ಬಂದದ್ದನ್ನು ಮತ್ತೆ ದಪ್ಪದಿಂದ ಗುಣಿಸಿ, 0.02466 ರಿಂದ ಗುಣಿಸಿರಿ. ಅಳತೆಗಳು ಮಿಲಿಮೀಟರಿನಲ್ಲಿದ್ದರೆ ಒಂದು ಮೀಟರ್ ಪೈಪಿನ ಭಾರ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ.

ಉದಾಹರಣೆಗೆ, 168.3 ಮಿ.ಮೀ. ಹೊರ ವ್ಯಾಸ ಮತ್ತು 5 ಮಿ.ಮೀ. ದಪ್ಪದ ಕೇಸಿಂಗ್ ಪೈಪು ಮೀಟರಿಗೆ ಸುಮಾರು 20 ಕಿ.ಗ್ರಾಂ. ತೂಗುತ್ತದೆ. 6 ಮೀ. (ಸುಮಾರು 20 ಅಡಿ) ಉದ್ದದ ಒಂದು ಪೈಪಿಗೆ 120 ಕಿ.ಗ್ರಾಂ. ಆಯಿತು. ಇಂಥ 10 ಪೈಪುಗಳೆಂದರೆ 1200 ಕಿ.ಗ್ರಾಂ. ಅದೇ ಲೆಕ್ಕದಲ್ಲಿ 114.3 ಮಿ.ಮೀ. ವ್ಯಾಸದ, 6.35 ಮಿ.ಮೀ. ದಪ್ಪದ ರಾಡು ಮೀಟರಿಗೆ ಸುಮಾರು 17 ಕಿ.ಗ್ರಾಂ. ಬರುತ್ತದೆ, ತುದಿಯ ಜೋಡಣೆಗಳ ಭಾರ ಬೇರೆ. 3 ಮೀ. ಉದ್ದದ 30 ರಾಡುಗಳು 1500 ಕಿ.ಗ್ರಾಂ. ಮೀರುತ್ತವೆ. ಪೈಪು ಮತ್ತು ರಾಡು ಎರಡೂ ಸೇರಿದರೆ ಎರಡೂವರೆ ಟನ್ನಿಗಿಂತ ಹೆಚ್ಚಾಯಿತು. ನೋಡುವವರಿಗೆ ಟ್ರೇಲರು ಅರ್ಧವೂ ತುಂಬಿದಂತೆ ಕಾಣದು.

ಟ್ರೇಲರಿನ ನೋಂದಣಿ ಪತ್ರದಲ್ಲಿ ಅದರ ಖಾಲಿ ತೂಕ ಮತ್ತು ಹೇರು ಸಮೇತ ಇರಬಹುದಾದ ಒಟ್ಟು ತೂಕ ಎರಡನ್ನೂ ನಮೂದಿಸಿರುತ್ತಾರೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಹೇರು ಸಮೇತ ಟ್ರೇಲರಿನ ತೂಕವು ಟ್ರ್ಯಾಕ್ಟರಿನ ತೂಕವನ್ನು ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಒಂದು ಸಲಕ್ಕೆ ಮುಗಿಸುವ ಆಸೆ ಬಿಟ್ಟು ಎರಡು ಸಲ ಹೋಗಿಬಂದರೆ ಡೀಸೆಲ್ಲು ಸ್ವಲ್ಪ ಹೆಚ್ಚು ಸುಟ್ಟೀತು, ಅಷ್ಟೆ.

ಉದ್ದದ ಸಮಸ್ಯೆ

ನಮ್ಮಲ್ಲಿ ಬಳಕೆಯಲ್ಲಿರುವ ಟ್ರೇಲರಿನ ತೊಟ್ಟಿ ಸಾಮಾನ್ಯವಾಗಿ 10 ರಿಂದ 12 ಅಡಿ ಉದ್ದವಿರುತ್ತದೆ. ಪೈಪು 20 ಅಡಿ. ಉಳಿದ 8 ಅಡಿ ಎಲ್ಲಿಗೆ ಹೋಗಬೇಕು? ಹಿಂಬಾಗಿಲನ್ನು ಇಳಿಬಿಟ್ಟು ಹೊರಚಾಚಿ, ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಹೊರಡುವುದು ಹಳೆಯ ರೂಢಿ. ಈ ರೂಢಿಯನ್ನು ಈಗ ಬಿಡಬೇಕು. ಅದಕ್ಕೆ ಮೂರು ಕಾರಣಗಳಿವೆ.

ಒಂದನೆಯದು ಪ್ರಾಣದ ಮಾತು. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನ ಸವಾರನಿಗೆ ಪೈಪಿನ ತುದಿ ಒಂದು ಸಣ್ಣ ಉಂಗುರದಂತೆ ಮಾತ್ರ ಕಂಡೀತು; ಎದುರಿನ ವಾಹನದ ದೀಪ ಕಣ್ಣಿಗೆ ಹೊಡೆದರೆ ಅದೂ ಕಾಣದು. ಆ ತುದಿ ಇರುವುದು ಸರಿಯಾಗಿ ಅವನ ಎದೆ, ತಲೆಯ ಎತ್ತರಕ್ಕೆ.

ಎರಡನೆಯದು ಕಾನೂನು. ಹೇರು ವಾಹನದ ಹಿಂದಕ್ಕೆ ಚಾಚಿಕೊಂಡಿರಲು ಇದ್ದ ಅವಕಾಶವನ್ನು 2014 ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಂದ ತೆಗೆದುಹಾಕಲಾಗಿದೆ. ಮಿತಿ ಮೀರಿ ಹೊರಚಾಚಿದ ಹೇರಿಗೆ 2019 ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು 20,000 ರೂ. ದಂಡವನ್ನೂ, ಹೇರು ಇಳಿಸುವ ಖರ್ಚನ್ನೂ ವಿಧಿಸಿದೆ.

ಮೂರನೆಯದು ಟ್ರೇಲರಿನ ಸಮತೋಲ. ಇದನ್ನು ಮುಂದೆ ವಿವರಿಸಲಾಗಿದೆ.

ಹಾಗಾದರೆ ಮಾಡುವುದೇನು? ಉಕ್ಕಿನ ಕೇಸಿಂಗ್ ಪೈಪನ್ನು ಹೇಗಿದ್ದರೂ ಬಾವಿಯ ಬಳಿ ಒಂದಕ್ಕೊಂದು ಬೆಸುಗೆ ಹಾಕಿಯೇ ಇಳಿಸುತ್ತಾರೆ. ಆದ್ದರಿಂದ ಅಂಗಡಿಯಲ್ಲೇ 3 ಮೀ. (10 ಅಡಿ) ತುಂಡುಗಳಾಗಿ ಕೇಳಿ ಪಡೆಯಿರಿ. ಬೆಸುಗೆಯ ಸಂಖ್ಯೆ ಹೆಚ್ಚಾದೀತು. ಆ ಖರ್ಚು ಅಪಘಾತದ ಖರ್ಚಿನ ಮುಂದೆ ಏನೂ ಅಲ್ಲ. ತುದಿಗಳನ್ನು ನೇರವಾಗಿ ಕತ್ತರಿಸಿಕೊಡುವಂತೆ ಮಾತ್ರ ಹೇಳಬೇಕು, ಇಲ್ಲವಾದರೆ ಕೇಸಿಂಗ್ ಸೊಟ್ಟಗಾಗುತ್ತದೆ. ಪಿ.ವಿ.ಸಿ. ಕೇಸಿಂಗ್ ಮತ್ತು ಪಂಪು ಇಳಿಸುವ ಪಿ.ವಿ.ಸಿ. ಕಾಲಂ ಪೈಪುಗಳು 3 ಮೀ. ಉದ್ದದಲ್ಲಿಯೇ ದೊರೆಯುತ್ತವೆ. ಕತ್ತರಿಸಲಾಗದ 20 ಅಡಿಯ ರಾಡುಗಳನ್ನು ಮಾತ್ರ ಉದ್ದ ತೊಟ್ಟಿಯ ಲಾರಿಯಲ್ಲಿಯೇ ತರಿಸತಕ್ಕದ್ದು.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ಮಾತು ಹೊಸದಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಉಸಿರು ಕಟ್ಟಿಸುತ್ತದೆ. ಮುಂಭಾರ ಹೆಚ್ಚಾದರೆ ನೊಗ ಹೆಗಲನ್ನು ಒತ್ತುತ್ತದೆ. ಎರಡು ಚಕ್ರದ ಟ್ರೇಲರಿನಲ್ಲಿಯೂ ನಡೆಯುವುದು ಇದೇ. ಎತ್ತು ತಲೆ ಕೊಡವಿ ತೋರಿಸುತ್ತದೆ, ಟ್ರ್ಯಾಕ್ಟರು ತೋರಿಸುವುದಿಲ್ಲ.

ಒಂದು ಲೆಕ್ಕ ನೋಡೋಣ. ತೊಟ್ಟಿಯ ಉದ್ದ 3.6 ಮೀ. ಇದೆ. ಚಕ್ರದ ಅಚ್ಚು ಮುಂದಿನ ಹಲಗೆಯಿಂದ 2.1 ಮೀ. ಹಿಂದಿದೆ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಬಳೆಯಿಂದ ಅಚ್ಚಿಗೆ 3.3 ಮೀ. ಅಂತರವಿದೆ. 1200 ಕಿ.ಗ್ರಾಂ. ಪೈಪನ್ನು 3 ಮೀ. ತುಂಡುಗಳಲ್ಲಿ ಮುಂದಿನ ಹಲಗೆಗೆ ತಾಗಿಸಿ ಹೇರಿದರೆ ಭಾರದ ಮಧ್ಯಬಿಂದು ಅಚ್ಚಿನಿಂದ 0.6 ಮೀ. ಮುಂದೆ ಬೀಳುತ್ತದೆ. 1200 ನ್ನು 0.6 ರಿಂದ ಗುಣಿಸಿ 3.3 ರಿಂದ ಭಾಗಿಸಿದರೆ ಸುಮಾರು 220 ಕಿ.ಗ್ರಾಂ. ಭಾರ ಟ್ರ್ಯಾಕ್ಟರಿನ ಹಿಂಭಾಗದ ಮೇಲೆ ಕೂರುತ್ತದೆ. ಹಿಂದಿನ ಚಕ್ರಗಳು ನೆಲವನ್ನು ಚೆನ್ನಾಗಿ ಹಿಡಿಯುತ್ತವೆ.

ಅದೇ 1200 ಕಿ.ಗ್ರಾಂ. ಭಾರವನ್ನು 6 ಮೀ. ಉದ್ದದ ಪೈಪುಗಳಾಗಿ ಹೇರಿದರೆ ಮಧ್ಯಬಿಂದು ಅಚ್ಚಿನಿಂದ 0.9 ಮೀ. ಹಿಂದಕ್ಕೆ ಹೋಗುತ್ತದೆ. ಆಗ ಸುಮಾರು 325 ಕಿ.ಗ್ರಾಂ. ಬಲವು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಏರಿನಲ್ಲಿ ಚಕ್ರ ತಿರುಗಿ ಜಾರುತ್ತದೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ, ಗುಂಡಿಯಲ್ಲಿ ಕುಲುಕಿದಾಗ ಪಿನ್ನು ಹಾರಿ ಟ್ರೇಲರು ಕಳಚಿಕೊಳ್ಳಬಹುದು. ಹಾಗೆಂದು ಎಲ್ಲವನ್ನೂ ಮುಂದಕ್ಕೇ ಒತ್ತಬಾರದು. ಕೊಕ್ಕೆಯ ಮೇಲೆ ಅತಿಯಾದ ಭಾರ ಬಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಭಾರದ ಮಧ್ಯಬಿಂದು ಅಚ್ಚಿನಿಂದ ಸ್ವಲ್ಪ ಮುಂದಿರಬೇಕು ಎಂಬುದೇ ಸೂತ್ರ. ನಾಲ್ಕು ಚಕ್ರದ ಟ್ರೇಲರಾದರೆ ಎರಡೂ ಅಚ್ಚುಗಳ ಮೇಲೆ ಭಾರ ಸಮನಾಗಿ ಹಂಚಿರಬೇಕು.

ಹೇರುವ ಮತ್ತು ಕಟ್ಟುವ ಕ್ರಮ

1. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ, ಚಕ್ರಗಳಿಗೆ ಕಲ್ಲು ಅಥವಾ ಬೆಣೆ ಕೊಟ್ಟ ಮೇಲೆ ಹೇರಲು ತೊಡಗಬೇಕು.

2. ತೊಟ್ಟಿಯ ತಳಕ್ಕೆ ಅಡ್ಡಲಾಗಿ ಎರಡು ಮೂರು ಮರದ ದಿಮ್ಮಿಗಳನ್ನಿಟ್ಟು ಅದರ ಮೇಲೆ ಪೈಪುಗಳನ್ನಿಡಿ. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ನಡುವೆ ಹಳೆಯ ಟೈರಿನ ತುಂಡು ಹಾಕಿದರೆ ಹಿಡಿತ ಬರುತ್ತದೆ. ಎಣ್ಣೆ, ಕೆಸರನ್ನು ಮೊದಲೇ ಒರೆಸಿಬಿಡಿ.

3. ಭಾರವಾದವು ಕೆಳಗೆ, ಹಗುರವಾದವು ಮೇಲೆ. ಪ್ರತಿ ಸಾಲಿನ ಎರಡೂ ಅಂಚಿನ ಪೈಪಿಗೆ ಮರದ ಬೆಣೆ ಕೊಟ್ಟು, ಬೆಣೆಯನ್ನು ದಿಮ್ಮಿಗೆ ಮೊಳೆ ಹೊಡೆದು ನಿಲ್ಲಿಸಿ. ಪಕ್ಕದ ಹಲಗೆಗಿಂತ ಎತ್ತರಕ್ಕೆ ಪೈಪು ಪೇರಿಸಬಾರದು.

4. ಎಲ್ಲ ಪೈಪುಗಳ ಮುಂದಿನ ತುದಿಯೂ ಮುಂದಿನ ಹಲಗೆಗೆ ತಾಗಿರಲಿ. ನಡುವೆ ಜಾಗವಿದ್ದರೆ ದಿಮ್ಮಿ ತುಂಬಿಸಿ. ಬ್ರೇಕು ಒತ್ತಿದಾಗ ಟ್ರ್ಯಾಕ್ಟರು ನಿಂತರೂ ಪೈಪು ನಿಲ್ಲುವುದಿಲ್ಲ. ಅದರ ದಾರಿಯಲ್ಲಿ ಇರುವುದು ಚಾಲಕನ ಬೆನ್ನು.

5. ತೆಂಗಿನ ನಾರಿನ ಹಗ್ಗ ಎಳೆತಕ್ಕೆ ಸಡಿಲಾಗುತ್ತದೆ, ಪೈಪಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಸರಪಳಿಯನ್ನಾಗಲಿ, ಬಿಗಿಯುವ ಗಿಲಕಿ ಇರುವ ದಪ್ಪ ನೈಲಾನ್ ಪಟ್ಟಿಯನ್ನಾಗಲಿ ಬಳಸಬೇಕು. ಕನಿಷ್ಠ ಎರಡು ಕಡೆ, ಮುಂದೊಂದು ಹಿಂದೊಂದು, ಕಟ್ಟು ಬೀಳಬೇಕು. ಕಟ್ಟುಗಳೆಲ್ಲ ಸೇರಿ ಮುಂದಕ್ಕೆ ಹೇರಿನ ಪೂರ್ಣ ಭಾರದಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ಭಾರದಷ್ಟು ಎಳೆತವನ್ನು ತಡೆಯುವಂತಿರಬೇಕೆಂಬುದು ಹೇರು ಕಟ್ಟುವವರ ಲೆಕ್ಕ.

6. ಹ್ಯಾಮರ್ ಮತ್ತು ಬಿಟ್ಟನ್ನು ಪೈಪಿನ ಮೇಲೆ ಎಸೆಯದೆ ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಚ್ಚಿನ ಮೇಲ್ಭಾಗದಲ್ಲಿ ಕಟ್ಟಬೇಕು. ಬಿಟ್ಟಿನ ಮುಖದಲ್ಲಿರುವ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು ಬಹು ಗಟ್ಟಿ. ಆದರೆ ಪಕ್ಕದ ಪೆಟ್ಟಿಗೆ ಸಿಡಿಯುತ್ತವೆ. ರಾಡಿನ ಥ್ರೆಡ್ಡುಗಳಿಗೆ ಗ್ರೀಸು ಸವರಿ, ಮುಚ್ಚಳ ಹಾಕಿ, ಮುಚ್ಚಳವಿಲ್ಲದಿದ್ದರೆ ಗೋಣಿ ಸುತ್ತಿ. ಥ್ರೆಡ್ಡು ಕೆಟ್ಟ ರಾಡು ಬಾವಿಯೊಳಗೆ ಕಳಚಿಕೊಂಡರೆ ಬಾವಿಯೇ ಹಾಳು.

ಹೊರಡುವ ಮುನ್ನ ಮತ್ತು ದಾರಿಯಲ್ಲಿ

ಟ್ರೇಲರಿನ ಪಿನ್ನು ಸವೆದಿಲ್ಲವೆಂದು ನೋಡಿ, ಕೆಳತುದಿಗೆ ಕೀಲಿ ಹಾಕಿ. ಪಿನ್ನಿನ ಬದಲು ಬೋಲ್ಟನ್ನೋ ಹಾರೆಯ ತುಂಡನ್ನೋ ತೂರಿಸುವುದು ಬೇಡ. ಪಿನ್ನು ಮುರಿದರೂ ಟ್ರೇಲರು ಬೇರ್ಪಡದಂತೆ ಒಂದು ಗಟ್ಟಿ ಸರಪಳಿಯನ್ನು ಹೆಚ್ಚುವರಿಯಾಗಿ ಬಿಗಿಯಿರಿ. ಟ್ರ್ಯಾಕ್ಟರಿನ ಎಡ-ಬಲ ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಸೇರಿಸಿರಿ. ಉಳುವಾಗ ಬಿಡಿಸಿದ ಕೊಂಡಿ ಹಾಗೆಯೇ ಉಳಿದರೆ, ರಸ್ತೆಯಲ್ಲಿ ಬ್ರೇಕು ಒಂದೇ ಚಕ್ರಕ್ಕೆ ಬಿದ್ದು ಟ್ರ್ಯಾಕ್ಟರು ತಿರುಗಿ ಮಗುಚುತ್ತದೆ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಮತ್ತು ಉರಿಯುವ ದೀಪ ಇರಲೇಬೇಕು.

ವೇಗ ಇಮ್ಮಡಿಯಾದರೆ ನಿಲ್ಲಿಸಲು ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಲಭವಾಗಿ ನಿಲ್ಲುವ ಹೇರು 40 ಕಿ.ಮೀ.ನಲ್ಲಿ ಕೈಮೀರುತ್ತದೆ. ಇಳಿಜಾರಿಗೆ ಬರುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ನ್ಯೂಟ್ರಲ್ ಮಾಡಿ, ಅಥವಾ ಕ್ಲಚ್ಚು ತುಳಿದು ಇಳಿಯುವುದು ಸಾವನ್ನು ಕರೆದಂತೆ.

ಮೂರು ನಾಲ್ಕು ಕಿಲೋಮೀಟರು ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಕಟ್ಟುಗಳನ್ನು ಮತ್ತೆ ಬಿಗಿಯಿರಿ. ಕುಲುಕಾಟಕ್ಕೆ ಪೈಪುಗಳು ಕೂತು ಕಟ್ಟು ಸಡಿಲವಾಗಿಯೇ ಆಗಿರುತ್ತದೆ. ಕೂಲಿಯಾಳುಗಳನ್ನು ಪೈಪಿನ ಮೇಲಾಗಲಿ, ಮಡ್‌ಗಾರ್ಡಿನ ಮೇಲಾಗಲಿ ಕೂರಿಸಬೇಡಿ. ಅವರನ್ನು ಬೇರೆ ವಾಹನದಲ್ಲಿ ಕಳುಹಿಸಿ. ರಾತ್ರಿ ಟ್ರೇಲರು ಕೆಟ್ಟು ನಿಂತರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ. ಆಗದಿದ್ದರೆ ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ದೀಪವಿಟ್ಟು ಒಬ್ಬರು ಕಾವಲಿರಬೇಕು. ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರೇಲರನ್ನು ಇತರರ ಸಾಮಾನು ಸಾಗಿಸಲು ಬಾಡಿಗೆಗೆ ಬಿಟ್ಟರೆ, ಅಪಘಾತವಾದಾಗ ವಿಮೆಯ ಪರಿಹಾರಕ್ಕೆ ತೊಡಕಾಗಬಹುದೆಂಬುದನ್ನೂ ನೆನಪಿಡಿ.

ಇಳಿಸುವಾಗ ಮತ್ತು ವಿದ್ಯುತ್ ತಂತಿಯ ಕೆಳಗೆ

ಊರು ಸೇರಿದೆವೆಂಬ ನಿರಾಳದಲ್ಲಿಯೇ ಅವಘಡಗಳು ಆಗುವುದುಂಟು. ಕಟ್ಟು ಬಿಚ್ಚುವ ಮೊದಲು ಹೇರು ಯಾವ ಕಡೆಗೆ ವಾಲಿದೆ ಎಂದು ನೋಡಿ, ಅದರ ಎದುರು ಬದಿಯಲ್ಲಿ ನಿಂತು ಬಿಚ್ಚಿ. ಎರಡು ಗಟ್ಟಿ ಕಂಬಗಳನ್ನು ತೊಟ್ಟಿಯಿಂದ ನೆಲಕ್ಕೆ ಇಳಿಜಾರಾಗಿ ಕೊಟ್ಟು, ಪೈಪಿನ ಎರಡೂ ತುದಿಗೆ ಹಗ್ಗ ಸುತ್ತಿ, ಮೇಲಿನಿಂದ ಬಿಡುತ್ತಾ ಒಂದೊಂದಾಗಿ ಇಳಿಸಬೇಕು. ಕಂಬಗಳ ನಡುವೆ ಯಾರೂ ನಿಲ್ಲಕೂಡದು.

ಬಾವಿಯ ಜಾಗದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಅಲ್ಲಿ ಪೈಪನ್ನು ನೆಟ್ಟಗೆ ಎತ್ತಲೇಬಾರದು. 1956 ರ ಭಾರತೀಯ ವಿದ್ಯುತ್ ನಿಯಮಗಳು ಹೊಲದ ಮೇಲೆ ಹಾಯುವ 11,000 ವೋಲ್ಟ್‌ವರೆಗಿನ ಬರಿಯ ತಂತಿಗೆ ಇಟ್ಟ ಕನಿಷ್ಠ ಎತ್ತರ 4.6 ಮೀ. ನೆಟ್ಟಗೆ ನಿಲ್ಲಿಸಿದ ಪೈಪು 6 ಮೀ. ಲೆಕ್ಕ ಇಷ್ಟೇ. ತೊಟ್ಟಿಯ ಮೇಲೆ ನಿಂತು ಎತ್ತಿದರೆ 3 ಮೀ. ತುಂಡು ಕೂಡ ತಂತಿಯನ್ನು ಮುಟ್ಟಬಹುದು. ತಂತಿ ಜೋತುಬಿದ್ದಿದ್ದರೆ ಅಪಾಯ ಇನ್ನೂ ಹೆಚ್ಚು. ಕೊಳವೆ ಬಾವಿಯ ಜಾಗವನ್ನು ಗುರುತಿಸುವಾಗಲೇ ತಲೆ ಎತ್ತಿ ನೋಡಿ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ಮೊದಲೇ ತಿಳಿಸಿ, ಲೈನು ನಿಲ್ಲಿಸಿದ್ದಾರೆಂಬುದು ಖಚಿತವಾದ ಮೇಲೆಯೇ ಕೆಲಸ ಪ್ರಾರಂಭಿಸಿ.

ಟ್ರ್ಯಾಕ್ಟರಿಗೋ ಟ್ರೇಲರಿಗೋ ತಂತಿ ತಾಗಿದರೆ ಚಾಲಕನು ಆಸನದಲ್ಲೇ ಕುಳಿತಿರಬೇಕು. ಬೇರೆಯವರು ಹತ್ತಿರ ಬರಕೂಡದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಒಂದು ಕೈ ವಾಹನದ ಮೇಲೆ ಒಂದು ಕಾಲು ನೆಲದ ಮೇಲೆ ಇಡದೆ, ಎರಡೂ ಪಾದ ಜೋಡಿಸಿ ದೂರಕ್ಕೆ ಜಿಗಿದು, ಪಾದ ಜೋಡಿಸಿಕೊಂಡೇ ಸಣ್ಣ ಸಣ್ಣದಾಗಿ ಕುಪ್ಪಳಿಸುತ್ತ ದೂರ ಸರಿಯಬೇಕು. ಹೆಜ್ಜೆ ಅಗಲಿಸಿದರೆ ನೆಲದಲ್ಲಿ ಹರಡಿದ ವಿದ್ಯುತ್ತು ಒಂದು ಕಾಲಿನಿಂದ ಇನ್ನೊಂದಕ್ಕೆ ದೇಹದ ಮೂಲಕ ಹರಿಯುತ್ತದೆ.

ಕೊರೆದ ಬಾವಿಯಲ್ಲಿ ನೀರು ಬರುವುದು ನಮ್ಮ ಕೈಯಲ್ಲಿಲ್ಲ. ಸಾಮಗ್ರಿಯನ್ನೂ ಅದರ ಜೊತೆಗಿದ್ದವರನ್ನೂ ಮನೆಗೆ ಸುಖವಾಗಿ ತಲುಪಿಸುವುದು ಮಾತ್ರ ಪೂರ್ಣವಾಗಿ ನಮ್ಮ ಕೈಯಲ್ಲಿದೆ. ಭಾರ ಲೆಕ್ಕ ಹಾಕಿ, ಉದ್ದ ತಗ್ಗಿಸಿ, ಮುಂಭಾರ ನೋಡಿ, ಬಿಗಿಯಾಗಿ ಕಟ್ಟಿ, ನಿಧಾನವಾಗಿ ಸಾಗಿ, ತಲೆ ಎತ್ತಿ ನೋಡಿ ಇಳಿಸಿ. ಈ ಆರು ಮಾತುಗಳನ್ನು ಟ್ರ್ಯಾಕ್ಟರ್ ಓಡಿಸುವ ಮಗನಿಗೂ ಆಳಿಗೂ ಇಂದೇ ತಿಳಿಸಿಕೊಡಿ.