ಮಾಗಿ ಚಳಿಯ ಬೆಂಗಳೂರು: ಬೀದಿಯಲ್ಲೇ ಸುಗ್ಗಿ

ಬೆಂಗಳೂರಿನವರು ಸ್ವೆಟರ್ ಹಾಕಿಕೊಂಡು ಕಿವಿಗೆ ಮಫ್ಲರ್ ಸುತ್ತಿಕೊಂಡದ್ದನ್ನು ನೋಡಿದರೆ ದೆಹಲಿಯವರಿಗೆ ನಗು. ಅಲ್ಲಿ ಮಂಜು ಕವಿದು ವಿಮಾನ, ರೈಲುಗಳೇ ತಡವಾಗುತ್ತವೆ. ಇಲ್ಲಿ ಪಾದರಸ ಹದಿನೈದು ಡಿಗ್ರಿಗಿಂತ ಕೆಳಗಿಳಿದರೆ ಅದೇ ಮುಖಪುಟದ ಸುದ್ದಿ. ಈ ಊರಿನ ಅತಿ ಕಡಿಮೆ ಉಷ್ಣಾಂಶ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ ಸೆಲ್ಸಿಯಸ್. ಆ ದಾಖಲೆ ಇನ್ನೂ ಮುರಿದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಚಳಿ ತಿರುಗಾಡಲೆಂದೇ ಹೇಳಿ ಮಾಡಿಸಿದ ಚಳಿ. ಬೆಳಿಗ್ಗೆ ಬಿಸಿ ಕಾಫಿಗೆ ರುಚಿ ಹೆಚ್ಚು, ಮಧ್ಯಾಹ್ನದ ಬಿಸಿಲೂ ಹಿತ, ಸಂಜೆ ಒಂದು ಶಾಲು ಇದ್ದರೆ ಸಾಕು.

ಕಾರ್ತಿಕ ಮಾಸದ ಕೊನೆಯಿಂದ ಗಣರಾಜ್ಯೋತ್ಸವದವರೆಗೆ ನಗರದಲ್ಲಿ ತಿನ್ನಲು, ನೋಡಲು, ಕೇಳಲು ಒಂದರ ಹಿಂದೆ ಒಂದು ಏನಾದರೂ ಇದ್ದೇ ಇರುತ್ತದೆ. ಮಾಲ್‌ಗಳ ದೀಪಾಲಂಕಾರ, ಪಂಚತಾರಾ ಹೋಟೆಲ್‌ಗಳ ಹೊಸ ವರ್ಷದ ಪಾರ್ಟಿಗಳ ಜಾಹೀರಾತೇ ಕಣ್ಣಿಗೆ ಹೆಚ್ಚು ಬೀಳುತ್ತದೆ ನಿಜ. ಆದರೆ ಈ ಋತುವಿನ ನಿಜವಾದ ಸುಖ ಇರುವುದು ಬೀದಿಯಲ್ಲಿ. ಅದರಲ್ಲಿ ಬಹುಪಾಲಿಗೆ ಟಿಕೆಟ್ ಇಲ್ಲ, ಆ್ಯಪ್‌ನಲ್ಲಿ ಸೀಟು ಕಾದಿರಿಸುವ ಗೋಜೂ ಇಲ್ಲ. ಅದರ ಪಂಚಾಂಗ ಬರೆಯುವುದು ಸುತ್ತಲಿನ ಹೊಲಗಳಲ್ಲಿ ಆಗತಾನೇ ಕಿತ್ತ ಫಸಲು.

ಮೊದಲ ಬೆಳೆ ಬಸವಣ್ಣನಿಗೆ

ಚಳಿಗಾಲದ ಬಾಗಿಲು ತೆರೆಯುವುದು ಬಸವನಗುಡಿಯ ಕಡಲೆಕಾಯಿ ಪರಿಷೆ. ಕಡೆಯ ಕಾರ್ತಿಕ ಸೋಮವಾರ ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ಅಭಿಷೇಕ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಅಂದು ಹೊಲಗಳ ಊರು. ಅಲ್ಲಿನ ರೈತರ ಬೆಳೆಯನ್ನು ಬಸವ ರಾತ್ರೋರಾತ್ರಿ ಮೇಯುತ್ತಿದ್ದನಂತೆ; ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತ ಮೇಲೆ ಶಾಂತನಾದನಂತೆ. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದಿಂದ ಬಂದ ಬೆಳೆ ಎಂಬ ಇತಿಹಾಸ ಈ ಕಥೆಗೆ ಅಡ್ಡಿಯಾಗಿಲ್ಲ. ಆ ಹಳ್ಳಿಗಳ ಹೊಲಗಳಲ್ಲಿ ಈಗ ಬಡಾವಣೆಗಳೆದ್ದಿವೆ. ಹರಕೆ ಮಾತ್ರ ನಿಂತಿಲ್ಲ. ಮಾಗಡಿ, ಚಿಂತಾಮಣಿ, ಕೋಲಾರದ ಕಡೆಯಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದ ಮೂಟೆಗಳು ಬಂದು ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿಯಾಗುತ್ತವೆ.

ಪರಿಷೆಯಲ್ಲಿ ಕಡಲೆಕಾಯಿಯನ್ನು ಇಂದಿಗೂ ಅಳೆಯುವುದು ಸೇರಿನಲ್ಲೇ. ವ್ಯಾಪಾರಿ ಸೇರನ್ನು ರಾಶಿಯೊಳಗೆ ಅದ್ದಿ ಎತ್ತುತ್ತಾರೆ, ಅಂಗೈಯನ್ನು ಗೋಡೆಯಂತೆ ಅಡ್ಡ ಹಿಡಿದು ಗೋಪುರ ಕಟ್ಟುತ್ತಾರೆ, ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಆ ಕೊಸರು ಗಿರಾಕಿಯ ಹಕ್ಕು. ಮರೆತರೆ ಕೇಳಿ ಹಾಕಿಸಿಕೊಳ್ಳುವುದೇ ರೂಢಿ. ಹಸಿಕಾಯಿ, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು, ಮೂರಕ್ಕೂ ಅದರದರದೇ ಅಭಿಮಾನಿಗಳು. ಪಕ್ಕದಲ್ಲಿ ಕಡ್ಲೆಪುರಿ, ಬೆಂಡು ಬತ್ತಾಸು, ಕಲ್ಯಾಣ ಸೇವೆ, ಬಳೆ, ಪೀಪಿ, ತಿರುಗುವ ತೊಟ್ಟಿಲು. ಹಬ್ಬ ಒಂದು ದಿನದ್ದಾದರೂ ಜಾತ್ರೆ ಹಿಂದುಮುಂದಿನ ದಿನಗಳಿಗೂ ಹರಡುತ್ತದೆ. ಬಸವನಗುಡಿಯ ನೂಕುನುಗ್ಗಲು ಬೇಡವೆನ್ನುವವರಿಗೆ ಮಲ್ಲೇಶ್ವರದ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲೂ ಪರಿಷೆ ಉಂಟು.

ಸೊಗಡು ಕೈಗಂಟಬೇಕು

ಕಡಲೆಕಾಯಿ ಮುಗಿಯುವ ಹೊತ್ತಿಗೆ ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ಗಾಂಧಿ ಬಜಾರ್, ಕೆ.ಆರ್. ಮಾರುಕಟ್ಟೆ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಮೂಗೇ ದಾರಿ ತೋರಿಸುತ್ತದೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು ಎನ್ನುವುದು ರೈತರ ಮಾತು. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂಬಿಡುವ ಗಿಡ. ಹಾಗಾಗಿ ಅದರ ಕಾಯಿ ಚಳಿಗಾಲದಲ್ಲಷ್ಟೇ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಜಗ್ಗದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿದ ಮೇಲೆ ವರ್ಷವಿಡೀ ಅವರೆಕಾಯಿ ಸಿಗುವಂತಾಯಿತು. ಆದರೂ ಹಳೆಯ ಗಿರಾಕಿಗಳು ಕಾಯಿ ಮುಟ್ಟಿ, ಬೆರಳಿಗೆ ಎಣ್ಣೆಯಂಥ ಅಂಟು ಹತ್ತಿತೇ ಎಂದು ನೋಡಿ, ಮೂಸಿ, ಆಮೇಲಷ್ಟೇ ದರ ಕೇಳುತ್ತಾರೆ.

ಈ ಕಾಲದಲ್ಲಿ ಅನೇಕ ಮನೆಗಳ ಸಂಜೆಯ ಮನರಂಜನೆಯೇ ಕಾಳು ಹಿದುಕುವುದು. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪಟಕ್ಕನೆ ಚಿಮ್ಮುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಟಿವಿಯಲ್ಲಿ ಧಾರಾವಾಹಿ, ನಡುವೆ ಒಂದು ಬೋಗುಣಿ, ಸುತ್ತ ಅಜ್ಜಿ, ಅತ್ತೆ, ಮಕ್ಕಳು. ಒಂದು ಗಂಟೆ ಹಿದುಕಿದರೂ ಬೋಗುಣಿ ತುಂಬುವುದಿಲ್ಲ; ಹಿದುಕಿದ ಬೇಳೆ ಸಾರಿನ ಬೆಲೆ ಗೊತ್ತಾಗುವುದೇ ಆಗ. ತೆಂಗಿನಕಾಯಿ, ಗಸಗಸೆ, ಚಕ್ಕೆ ಲವಂಗ ಅರೆದು ಹಾಕಿದ ಆ ಸಾರಿಗೆ ರಾಗಿಮುದ್ದೆಯೋ ಅಕ್ಕಿರೊಟ್ಟಿಯೋ ಇದ್ದರೆ ಬೇರೆ ಪಲ್ಯವನ್ನು ಯಾರೂ ಕೇಳುವುದಿಲ್ಲ.

ಹಿದುಕುವ ಪುರುಸೊತ್ತಿಲ್ಲದವರಿಗೆ ಅವರೆಬೇಳೆ ಮೇಳವಿದೆ. 2000ದಲ್ಲಿ ವಿ.ವಿ. ಪುರದ ತಿಂಡಿಬೀದಿಯಲ್ಲಿ ಶುರುವಾದ ಈ ಮೇಳ ಜನ ಹೆಚ್ಚಿದಂತೆ ನ್ಯಾಷನಲ್ ಕಾಲೇಜು ಮೈದಾನಕ್ಕೂ ಹೋಯಿತು. ದೋಸೆ, ಪಡ್ಡು, ಉಪ್ಪಿಟ್ಟು, ನಿಪ್ಪಟ್ಟು, ಹೋಳಿಗೆ, ಜಾಮೂನು, ಜಿಲೇಬಿ, ಎಲ್ಲದರಲ್ಲೂ ಅವರೆ. ದೋಸೆಗೂ ಉಪ್ಪಿಟ್ಟಿಗೂ ನೂರಕ್ಕೆ ನೂರು ಅಂಕ ಕೊಡಬಹುದು. ಜಿಲೇಬಿ, ಜಾಮೂನುಗಳಲ್ಲಿ ಸಕ್ಕರೆ ಪಾಕದ ಕೆಳಗೆ ಸೊಗಡು ಮುಳುಗಿ ಹೋಗುತ್ತದೆ. ಅವು ಫೋಟೊಕ್ಕೆ ಚೆನ್ನ.

ನಸುಕಿನ ಹುಗ್ಗಿ, ದಂಡಿನ ಕೇಕು

ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಶುರು. ಹಳೆಯ ಬಡಾವಣೆಗಳ ದೇವಸ್ಥಾನಗಳಲ್ಲಿ ಸೂರ್ಯ ಹುಟ್ಟುವ ಮುಂಚೆಯೇ ಪೂಜೆ, ಆಮೇಲೆ ದೊನ್ನೆಯಲ್ಲಿ ಹುಗ್ಗಿ. ಹೆಸರುಬೇಳೆ, ಅಕ್ಕಿ, ಮೆಣಸು, ಜೀರಿಗೆ, ಶುಂಠಿ, ಮೇಲೊಂದಿಷ್ಟು ತುಪ್ಪ. ಚಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಅದೇ ಹೊತ್ತಿನಲ್ಲಿ ದಂಡು ಪ್ರದೇಶದಲ್ಲಿ ಬೇರೆಯೇ ಪರಿಮಳ. ಫ್ರೇಜರ್ ಟೌನ್, ಶಿವಾಜಿನಗರದ ಬೇಕರಿಗಳಲ್ಲಿ ಪ್ಲಮ್ ಕೇಕಿಗೆ ಸಾಲು. ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರಿಂದ ಒಲೆ ಹಚ್ಚುತ್ತಲೇ ಇದೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ನೆವ್ರಿ, ಕಿಡಿಯೊ, ರೋಸ್ ಕುಕಿಗಳ ಕುಸ್ವಾರ್ ತಟ್ಟೆ ನೆರೆಮನೆಗಳಿಗೂ ಹೋಗುತ್ತದೆ. ಅರ್ಧ ಶತಮಾನದಿಂದ ಡಿಸೆಂಬರ್‌ನಲ್ಲಿ ನಡೆಯುವ ಕೇಕ್ ಪ್ರದರ್ಶನಕ್ಕೆ ಟಿಕೆಟ್ ಕೊಡಬೇಕು. ಆದರೆ ಸಕ್ಕರೆಯಲ್ಲಿ ಕಟ್ಟಿದ ಕೋಟೆ ಕೊತ್ತಲ ನೋಡಿ ಮಕ್ಕಳು ಬಾಯಿ ಬಿಡುವುದನ್ನು ಕಂಡರೆ ಕೊಟ್ಟ ದುಡ್ಡು ವಸೂಲು.

ರಸ್ತೆಯೇ ಗ್ಯಾಲರಿ

ಜನವರಿಯ ಮೊದಲ ಭಾನುವಾರ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎದುರಿನ ಕುಮಾರಕೃಪಾ ರಸ್ತೆಯಲ್ಲಿ ಅಂದು ವಾಹನಗಳಿಗೆ ಪ್ರವೇಶವಿಲ್ಲ. ದೇಶದ ನಾನಾ ಕಡೆಯ ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಿನಲ್ಲೇ ಚಿತ್ರಗಳನ್ನು ಒರಗಿಸಿ ಕೂರುತ್ತಾರೆ. ಮೈಸೂರು ಶೈಲಿ, ಚಿತ್ತಾರ, ಮಧುಬನಿ, ಜಲವರ್ಣ, ಅಮೂರ್ತ ಎಲ್ಲವೂ ಪಕ್ಕಪಕ್ಕ. ನೂರಿನ್ನೂರು ರೂಪಾಯಿಯ ಪುಟ್ಟ ಚಿತ್ರವೂ ಉಂಟು, ಲಕ್ಷದ್ದೂ ಉಂಟು. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಸಂಕೋಚಪಡುವವರೂ ಇಲ್ಲಿ ಚಿತ್ರದ ಮುಂದೆ ನಿಂತು ‘ಇದಕ್ಕೆಷ್ಟು ಸಾರ್?’ ಎಂದು ಕೇಳುತ್ತಾರೆ. ಪೆನ್ಸಿಲ್ ಹಿಡಿದು ಕೂತ ಕಲಾವಿದನ ಮುಂದೆ ಅಲುಗಾಡದೆ ಕುಳಿತು ತಮ್ಮ ಮುಖವನ್ನು ಬರೆಸಿಕೊಳ್ಳುತ್ತಾರೆ. ಕಲಾವಿದನಿಗೂ ಕೊಳ್ಳುವವನಿಗೂ ನಡುವೆ ದಲ್ಲಾಳಿ ಇಲ್ಲದಿರುವುದೇ ಈ ಸಂತೆಯ ದೊಡ್ಡ ಗುಣ.

ಸಂಜೆಗೆ ನಾಟಕ ಬೇಕೆಂದರೆ ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರದ್ದು ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಎಂಬ ಸಂಕಲ್ಪ. ನಾಟಕ ಶುರುವಾದ ಮೇಲೆ ಬಂದವರು ಯಾರೇ ಆಗಲಿ, ಒಳಗೆ ಬಿಡುವುದಿಲ್ಲ. ಟ್ರಾಫಿಕ್ಕಿನ ನೆಪ ಎಲ್ಲೆಡೆ ನಡೆಯುವ ಊರಿನಲ್ಲಿ ಅದು ನಡೆಯದ ಜಾಗ ಇದೊಂದೇ ಇರಬೇಕು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹಿಂದಿರುವ ಸಂಸ ಬಯಲು ರಂಗಮಂದಿರವೋ, ಶಾಲು ಹೊದ್ದು ಕಲ್ಲಿನ ಮೆಟ್ಟಿಲ ಮೇಲೆ ಕೂತು ನೋಡುವವರದು. ಮಳೆಯ ಭಯವಿಲ್ಲದ ಈ ತಿಂಗಳುಗಳೇ ಅದಕ್ಕೆ ಸರಿಯಾದ ಕಾಲ.

ಸಂಕ್ರಾಂತಿ ತಟ್ಟೆ

ಈ ಋತುವಿನ ಲೆಕ್ಕವೆಲ್ಲ ಒಂದೇ ತಟ್ಟೆಯಲ್ಲಿ ಕೂಡುವುದು ಸಂಕ್ರಾಂತಿಯಂದು. ಪರಿಷೆಯ ಕಡಲೆಕಾಯಿ ಬೀಜ ಎಳ್ಳುಬೆಲ್ಲಕ್ಕೆ ಸೇರುತ್ತದೆ. ಜೊತೆಗೆ ಸಣ್ಣಗೆ ಹೆಚ್ಚಿದ ಕೊಬ್ಬರಿ, ಬೆಲ್ಲ, ಹುರಿಗಡಲೆ, ಎಳ್ಳು. ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಿಸಿ ನೈವೇದ್ಯ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು. ಅಂದು ಸಂಜೆ ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಇಳಿಬಿಸಿಲಿನ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ. ಆಕಾಶ ತಿಳಿಯಾಗಿರಬೇಕು, ಅಷ್ಟೇ.

ಆಮೇಲೆ ಲಾಲ್‌ಬಾಗಿನ ಗಣರಾಜ್ಯೋತ್ಸವ ಫಲಪುಷ್ಪ ಪ್ರದರ್ಶನ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯಲ್ಲಿ 2024ರ ಜನವರಿಯಲ್ಲಿ ವಚನಕಾರ ಬಸವಣ್ಣ, 2025ರಲ್ಲಿ ವಾಲ್ಮೀಕಿ ಹೂವಿನಲ್ಲಿ ಅರಳಿದ್ದರು. ವಾರಾಂತ್ಯದಲ್ಲಿ ಅಲ್ಲಿ ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ವಾರದ ನಡುವೆ ಬೆಳಿಗ್ಗೆ ಹೋಗುವುದು ಜಾಣತನ.

ಹೋಗುವವರಿಗೆ ಕೆಲವು ಮಾತು. ಕಾರು ಬೇಡ. ಬಸವನಗುಡಿಗೆ ನ್ಯಾಷನಲ್ ಕಾಲೇಜು, ಲಾಲ್‌ಬಾಗಿಗೆ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. ಚಿತ್ರಸಂತೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಆಟೊ ಹಿಡಿಯಬಹುದು. ಬಟ್ಟೆ ಚೀಲ ಜೊತೆಗಿರಲಿ. ಪರಿಷೆ ಮುಗಿದ ಮರುದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಗುಡಿಸುವವರ ಮುಂದೆ ಬಿದ್ದಿರುವ ಪ್ಲಾಸ್ಟಿಕ್ ರಾಶಿಯನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಕಡೆಯದಾಗಿ, ಸೇರಿಗೆ ಹತ್ತು ರೂಪಾಯಿ ಇಳಿಸಲು ಜಗ್ಗಾಡಬೇಡಿ. ಆ ಮೂಟೆಯ ಜೊತೆ ಬಂದವರು ಚಳಿಯಲ್ಲಿ ಅದೇ ರಾಶಿಯ ಪಕ್ಕ ಟಾರ್ಪಾಲು ಹೊದ್ದು ರಾತ್ರಿ ಕಳೆದಿರುತ್ತಾರೆ. ಊರಿನ ಚಳಿಗಾಲಕ್ಕೆ ರುಚಿ ತರುವವರೇ ಅವರು. ಕೇಳಿದ ಬೆಲೆ ಕೊಟ್ಟುಬಿಡಿ.