ಬಕೆಟ್ಟೋ, ಷವರೋ, ಟಬ್ಬೋ? ಬಚ್ಚಲುಮನೆ ಕಟ್ಟಿಸುವ ಮುನ್ನ

ಹೊಸ ಮನೆಯ ನಕ್ಷೆ ಕೈಗೆ ಬಂದಾಗ ಅಡಿಗೆಮನೆ, ದೇವರಮನೆಗಳ ಬಗ್ಗೆ ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಬಚ್ಚಲಿನ ಮಾತು ಬಂದರೆ, "ಅದೇನು ಮಹಾ, ಮೇಸ್ತ್ರಿ ನೋಡ್ಕೊಳ್ತಾನೆ ಬಿಡಿ" ಎಂದು ಮುಗಿಸಿಬಿಡುತ್ತಾರೆ. ಆಮೇಲೆ ಅಂಗಡಿಗೆ ಹೋದಾಗ ಶುರುವಾಗುತ್ತದೆ ನೋಡಿ! ಮಕ್ಕಳಿಗೆ ಷವರ್ ಬೇಕು, ಯಜಮಾನರಿಗೆ ಬಾತ್ ಟಬ್ ಆಸೆ, ಅತ್ತೆಯವರಿಗೆ ಹಂಡೆಯೇ ಆಗಬೇಕು. ನೀರು ತುಂಬುವುದು, ಬಚ್ಚಲು ಉಜ್ಜುವುದು, ಮಕ್ಕಳಿಗೆ ನೀರೆರೆಯುವುದು ಹೆಚ್ಚಾಗಿ ಗೃಹಿಣಿಯ ಪಾಲಿಗೇ ಬರುವುದರಿಂದ ಈ ತೀರ್ಮಾನದಲ್ಲಿ ಅವಳ ಮಾತೂ ನಡೆಯಬೇಕು.

ಮೊದಲು ನೀರಿನ ಲೆಕ್ಕ

ಮನೆಯಲ್ಲಿ ಬಳಸುವ ದೊಡ್ಡ ಬಕೆಟ್ಟಿಗೆ 18ರಿಂದ 20 ಲೀಟರ್ ನೀರು ಹಿಡಿಯುತ್ತದೆ. ಒಬ್ಬರ ಸ್ನಾನಕ್ಕೆ ಅದು ಧಾರಾಳ. ಸಾಧಾರಣ ಷವರಿನಿಂದ ನಿಮಿಷಕ್ಕೆ ಸುಮಾರು 10 ಲೀಟರ್ ಬೀಳುತ್ತದೆ. ಹಾಡು ಹೇಳುತ್ತಾ ಹತ್ತು ನಿಮಿಷ ನಿಂತರೆ ಐದು ಬಕೆಟ್ ನೀರು ಮಾಯ! ಬಾತ್ ಟಬ್ ಒಂದು ಸಲ ತುಂಬಲು 150 ಲೀಟರಿಗೂ ಹೆಚ್ಚು ಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಇಟ್ಟುಕೊಂಡ ಗುರಿಯೇ ತಲೆಗೆ ದಿನಕ್ಕೆ 55 ಲೀಟರ್. ಅಡಿಗೆ, ಪಾತ್ರೆ, ಬಟ್ಟೆ ಎಲ್ಲವೂ ಅದರಲ್ಲೇ ಆಗಬೇಕು. ನಲ್ಲಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಟಬ್ಬಿನ ಮಾತನ್ನು ಇಲ್ಲಿಗೇ ಬಿಟ್ಟುಬಿಡಬಹುದು. ಅದರ ಅಂಚು ದಾಟಿ ಒಳಗಿಳಿಯುವುದು ವಯಸ್ಸಾದವರಿಗೆ ಕಷ್ಟ, ಉಜ್ಜಿ ತೊಳೆಯುವುದು ಎಲ್ಲರಿಗೂ ಕಷ್ಟ.

ಷವರನ್ನು ಹಿತಮಿತವಾಗಿ ಬಳಸಲು ಬಾರದೆಂದಲ್ಲ. ಮೈ ನೆನೆಸಿ ನಿಲ್ಲಿಸಿ, ಸೋಪು ಹಚ್ಚಿಕೊಂಡು ಮತ್ತೆ ತಿರುಗಿಸಿದರೆ ಎರಡು ಮೂರು ನಿಮಿಷದಲ್ಲಿ ಸ್ನಾನ ಮುಗಿಯುತ್ತದೆ. ಮಕ್ಕಳಿಗೆ ಈ ಅಭ್ಯಾಸ ಮೊದಲ ದಿನದಿಂದಲೇ ಆಗಲಿ.

ಟ್ಯಾಂಕು ಎಷ್ಟು ಎತ್ತರದಲ್ಲಿದೆ?

"ಅಷ್ಟು ದುಡ್ಡು ಕೊಟ್ಟು ಹಾಕಿಸಿದ ಷವರಿನಲ್ಲಿ ನೀರು ತೊಟ್ಟಿಕ್ಕುತ್ತೇರೀ" ಎಂಬ ದೂರು ಸಾಮಾನ್ಯ. ಎಷ್ಟೋ ಸಲ ತಪ್ಪು ಷವರಿನದಲ್ಲ, ಟ್ಯಾಂಕಿನ ಎತ್ತರದ್ದು. ನೀರಿನ ಒತ್ತಡ ಎತ್ತರದಿಂದ ಬರುತ್ತದೆ. ನೆಲದಿಂದ 7 ಅಡಿ ಮೇಲೆ ಷವರ್, 10 ಅಡಿಗೆ ತಾರಸಿ, ಅದರ ಮೇಲೆಯೇ ಟ್ಯಾಂಕ್ ಕೂರಿಸಿದ್ದರೆ ನಡುವೆ ಉಳಿಯುವುದು ಮೂರೇ ಅಡಿ. ಅಷ್ಟರಲ್ಲಿ ರಭಸ ಎಲ್ಲಿಂದ ಬರಬೇಕು? ಟ್ಯಾಂಕನ್ನು ನಾಲ್ಕೈದು ಅಡಿ ಕಟ್ಟೆಯ ಮೇಲೆ ಇಡಿಸಿ; ಪೈಪು ದಪ್ಪಗಿರಲಿ, ತಿರುವುಗಳು ಕಡಿಮೆಯಿರಲಿ. ಊಟದ ತಟ್ಟೆಯಷ್ಟು ಅಗಲದ ಷವರಿಗಿಂತ ಸಣ್ಣ ಮುಖದ್ದೇ ಕಡಿಮೆ ಒತ್ತಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಬೋರ್‌ವೆಲ್ಲಿನ ಗಡಸು ನೀರಾದರೆ ಷವರಿನ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ವಿನಿಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ತೂತು ಬಿಟ್ಟುಕೊಳ್ಳುತ್ತದೆ.

ಸ್ನಾನ ಮಾಡುವವರು ಯಾರು?

ಎಳೆಗೂಸನ್ನು ಅಜ್ಜಿ ಕಾಲು ನೀಡಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯಬೇಕಾದರೆ ಕೂರಲು ಮಣೆ, ಪಕ್ಕದಲ್ಲಿ ಹದ ಮಾಡಿದ ನೀರು, ಕೈಗೆ ತಂಬಿಗೆ ಬೇಕು. ಬಾಣಂತಿಯ ಸ್ನಾನವೂ ಹಾಗೆಯೇ. ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಮರುದಿನ ನಸುಕಿನಲ್ಲಿ ಎಣ್ಣೆನೀರು ಹಾಕುವ ಸಂಭ್ರಮ ಷವರಿನ ಕೆಳಗೆ ಎಲ್ಲಿ ಬಂತು? ಎಣ್ಣೆ, ಸೀಗೆಪುಡಿ ಜಡೆಯಿಂದ ಬಿಡಿಸಲು ಮಾತ್ರ ಕೈಯಲ್ಲಿ ಹಿಡಿಯುವ ಷವರ್ ಬಲು ಅನುಕೂಲ.

ಆ ಹ್ಯಾಂಡ್ ಷವರ್ ಮನೆಯ ಹಿರಿಯರಿಗೂ ವರವೇ. ಮಂಡಿನೋವಿನ ಅತ್ತೆಯವರು ಬಗ್ಗಿ ತಂಬಿಗೆಯಲ್ಲಿ ನೀರು ಮೊಗೆಯುವ ಬದಲು ಸ್ಟೂಲಿನ ಮೇಲೆ ಕುಳಿತು ತಾವೇ ಸ್ನಾನ ಮಾಡಿಕೊಳ್ಳಬಹುದು. ಇನ್ನೊಬ್ಬರ ಕೈ ಕಾಯುವ ಸಂಕೋಚ ತಪ್ಪುತ್ತದೆ. ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟೋ ಮಂದಿಗೆ ಸಾಧ್ಯವಾಗುವುದಿಲ್ಲ. ಆದ್ದರಿಂದ ನೆಲಕ್ಕೆ ಒರಟು ಟೈಲ್ಸನ್ನೇ ಹಾಕಿಸಿ. ನೀರು ನಿಲ್ಲದಂತೆ ವಾಟ ಸರಿಯಾಗಿರಲಿ. ಗೋಡೆಗೆ ಭದ್ರವಾದ ಹಿಡಿಕಂಬಿ ಇರಲಿ; ಟವೆಲ್ ಹಾಕುವ ಸರಳು ಆಳಿನ ಭಾರ ತಡೆಯದು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ಒಳಹೋಗಲು ದಾರಿಯಿರುತ್ತದೆ.

ಬಿಸಿನೀರಿನ ಕತೆ

15 ಲೀಟರಿನ ಗೀಸರಿನಲ್ಲಿ ಚೆನ್ನಾಗಿ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಸುಮಾರು 35 ಲೀಟರ್ ಹದವಾದ ನೀರು ಸಿಗುತ್ತದೆ. ಬಕೆಟ್ಟಿನಲ್ಲಾದರೆ ಇಬ್ಬರ ಸ್ನಾನ. ಷವರಿನಲ್ಲಾದರೆ ಮೂರೂವರೆ ನಿಮಿಷ! ಷವರ್ ಹಾಕಿಸುವವರು 25 ಲೀಟರಿನದನ್ನು ಯೋಚಿಸುವುದು ಒಳ್ಳೆಯದು. ಸೋಲಾರ್ ಇರುವ ಮನೆಯಲ್ಲಿ ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರು. ಅದನ್ನು ಚರಂಡಿಗೆ ಬಿಡದೆ ಬಕೆಟ್ಟಿಗೆ ಹಿಡಿದುಕೊಳ್ಳಿ, ಬಟ್ಟೆ ನೆನೆಸಲು ಆಯಿತು.

ಗ್ಯಾಸ್ ಗೀಸರ್ ವಿಷಯದಲ್ಲಿ ಬಲು ಎಚ್ಚರ ಬೇಕು. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪಿ ಪ್ರಾಣ ಬಿಟ್ಟ ಪ್ರಸಂಗಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಗೀಸರ್ ಮನೆಯ ಹೊರಗೋಡೆಯಲ್ಲಿ, ಗಾಳಿಯಾಡುವ ಕಡೆ ಇರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಹಿಂದಿನ ಕೆಲವು ಮನೆಗಳಲ್ಲಿ ಹಂಡೆಯ ಒಲೆಗೆ ಹೊರಗಿನಿಂದಲೇ ಉರಿ ಹಾಕುತ್ತಿದ್ದರು. ಹೊಗೆ ಒಳಗೆ ಬಾರದ ಆ ಏರ್ಪಾಡು ಇಂದಿಗೂ ಒಳ್ಳೆಯ ಪಾಠ. ಕರೆಂಟಿನ ಗೀಸರಿಗೆ ಅರ್ತಿಂಗ್ ಕಡ್ಡಾಯ. ಅದರ ಜೊತೆಗೆ, ಕರೆಂಟು ಸೋರಿದ ಕ್ಷಣ ತಾನೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನೂ ಹಾಕಿಸಿ.

ಹಾಗಾದರೆ ಯಾವುದು ಸರಿ?

ನಮ್ಮ ಸಲಹೆ ಇಷ್ಟು. ಬಕೆಟ್ಟಿಗೆ ಬಿಸಿ, ತಣ್ಣೀರಿನ ನಲ್ಲಿ ಮೊದಲು. ಅದರ ಜೊತೆಗೆ ಹ್ಯಾಂಡ್ ಷವರ್. ತಲೆಯ ಮೇಲಿನ ಷವರಿಗೆ ಗೋಡೆ ಕಟ್ಟುವಾಗಲೇ ಪೈಪು ಎಳೆಸಿ, ಬಾಯಿಗೆ ಮುಚ್ಚಳ ಹಾಕಿಸಿಡಿ. ನೀರಿನ ಅನುಕೂಲವಾದಾಗ ಟೈಲ್ಸ್ ಒಡೆಯದೆಯೇ ಷವರ್ ಹಾಕಿಸಬಹುದು. ಟಬ್ಬಿಗೆ ಇಡುವ ದುಡ್ಡನ್ನು ಒರಟು ಟೈಲ್ಸು, ಹಿಡಿಕಂಬಿ, ಒಳ್ಳೆಯ ವೈರಿಂಗಿಗೆ ಹಾಕಿ.

ನೆನಪಿಡಿ

* ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಗು ಕೈ ಅದ್ದಿದರೂ ಬೊಬ್ಬೆ ಏಳುವ ಭಯವಿರದು.
* ತುಂಬಿದ ಬಕೆಟ್ಟಿನ ಬಳಿ ಅಂಬೆಗಾಲಿನ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.
* ನಿಮ್ಮ ಷವರಿನ ಖರ್ಚು ತಿಳಿಯಬೇಕೇ? ಅದರ ಕೆಳಗೆ ಬಕೆಟ್ಟಿಟ್ಟು, ತುಂಬಲು ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿ. ಆ ಲೆಕ್ಕವನ್ನು ಮನೆಮಂದಿಗೆಲ್ಲ ಹೇಳಿ!